ಕೃಪೆ ಪುಕ್ಕಟೆ, ಸ್ಟ್ರೀಕ್ ಮಾತ್ರ ದುಡಿದು ಉಳಿಸ್ಕೋಬೇಕು: ಒಂದು ಬೈಬಲ್ ಆಡಿಯೋ ಕೋರ್ಸ್ ರಿವ್ಯೂ

10 ವಾರದ ಕೋರ್ಸನ್ನ ಎಳೆದೂ ಎಳೆದೂ 14 ವಾರಕ್ಕೆ ಮುಗಿಸಿದೀನಿ, ಹಾಗಾಗಿ ರಿವ್ಯೂ ಬರೆಯೋ ಯೋಗ್ಯತೆ ನನಗಿದೆಯೋ ಇಲ್ವೋ ಅಂತ ಒಂದ್ಸಲ ಅನ್ನಿಸ್ತು, ಆಮೇಲೆ ಈ ಕೋರ್ಸೇ ಯೋಗ್ಯತೆ ಇಲ್ಲದವರ ಬಗ್ಗೆ ಅಲ್ವಾ ಅಂತ ಧೈರ್ಯ ಮಾಡಿ ಬರೀತಿದೀನಿ. ವಿಷಯ ಇಷ್ಟೇ: ಮನುಷ್ಯ ದೇವರ ಮುಂದೆ ನೀತಿವಂತ ಅನ್ನಿಸ್ಕೊಳ್ಳೋದು ತಾನು ಮಾಡಿದ ಒಳ್ಳೇ ಕೆಲಸದಿಂದನಾ, ಯೇಸುವಿನ ಮೇಲಿಟ್ಟ ನಂಬಿಕೆಯಿಂದನಾ. ಮೊದಲ ಶತಮಾನದ ಕ್ರೈಸ್ತ ಪ್ರಚಾರಕ ಪೌಲ ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳನ್ನ ಇಟ್ಕೊಂಡು 40 ಪಾಠ, ಒಂದೊಂದು ಸುಮಾರು 20 ನಿಮಿಷ, ಫೋನಲ್ಲಿ ಆಪ್ ಹಾಕ್ಕೊಂಡು ಕೇಳೋದು, ಪಾಠದ ಕೊನೇಲಿ ಚಿಕ್ಕ ಕ್ವಿಜ್, ಶನಿವಾರ ಒಂದು ಲೈವ್ ಕಾಲ್. ಪಾಠ ಮಾಡೋರು ಇಬ್ರು, ಒಬ್ರು ಸರ್, ಒಬ್ರು ಮೇಡಂ. ಹೆಸರು ಹೇಳಲ್ಲ, ಕೋರ್ಸಿನ ಹೆಸರೂ ಹೇಳಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಕಡೆ ಬೈದಿದೀನಿ.

ಮೊದಲು ನನ್ನ ಬಗ್ಗೆ ಎರಡು ಮಾತು, ಇಲ್ಲಾಂದ್ರೆ ನಾನು ಯಾವುದನ್ನ ಯಾಕೆ ಹೊಗಳ್ತಿದೀನಿ ಅಂತ ಗೊತ್ತಾಗಲ್ಲ. ನಾನು ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದೋನು, ಪ್ರಾಟೆಸ್ಟಂಟ್, 'ನಂಬಿಕೆಯಿಂದಲೇ ರಕ್ಷಣೆ' ಅನ್ನೋದು ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಆದ್ರೆ ತಲೆ ಒಳಗೆ ಒಂದು ಜಮಾ ಖರ್ಚಿನ ಪುಸ್ತಕ ಯಾವಾಗ್ಲೂ ತೆರೆದೇ ಇರ್ತಿತ್ತು. ಬೆಳಗ್ಗೆ ಪ್ರಾರ್ಥನೆ ಮಾಡಿದೆ, ಜಮಾ. ಮಧ್ಯಾಹ್ನ ಯಾರ ಮೇಲೋ ರೇಗಿದೆ, ಖರ್ಚು. ರಾತ್ರಿ ಮಲಗೋಕೆ ಮುಂಚೆ ಒಂದು ಬ್ಯಾಲೆನ್ಸ್, ಬಹುತೇಕ ದಿನ ಮೈನಸ್ಸೇ. ಬಾಯಲ್ಲಿ ಪೌಲ, ಒಳಗೆ ಗುಮಾಸ್ತ.

ಮೊದಲ ಎರಡು ವಾರ ಬೋರ್, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಪೂರ್ತಿ, ಪ್ರಾಟೆಸ್ಟಂಟ್ ಸುಧಾರಣೆ ಶುರು ಮಾಡಿದ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಕಥೆ, ಅದೂ ಸಿನಿಮಾ ಥರ, 1517ರ ಅಕ್ಟೋಬರ್ 31, ವಿಟೆನ್‌ಬರ್ಗ್ ಚರ್ಚ್ ಬಾಗಿಲು, ಹಿಂದೆ ಸುತ್ತಿಗೆ ಸೌಂಡ್ ಎಫೆಕ್ಟ್ ಬೇರೆ. ಲೂಥರ್ ತಮ್ಮ 95 ವಾದಗಳ ಪಟ್ಟಿನ ಆ ಬಾಗಿಲಿಗೆ ಮೊಳೆ ಹೊಡೆದಿದ್ದು ನಿಜವಾಗ್ಲೂ ನಡೀತಾ ಅನ್ನೋದರಲ್ಲೇ ಇತಿಹಾಸಕಾರರಿಗೆ ಒಮ್ಮತ ಇಲ್ಲ, ಹೋಗ್ಲಿ ಬಿಡಿ. ನನ್ನ ತಕರಾರು ಏನಂದ್ರೆ ಆ 95 ವಾದಗಳೇ ಈ ಬೋಧನೆಯ ಹುಟ್ಟು ಅನ್ನೋ ಹಾಗೆ ಸರ್ ಮಾತಾಡ್ತಾರೆ, ಆದ್ರೆ ಅವು ಇಂಡಲ್ಜೆನ್ಸ್ ಚೀಟಿ (ಪಾಪದ ಶಿಕ್ಷೆ ಕಮ್ಮಿ ಆಗುತ್ತೆ ಅಂತ ಚರ್ಚ್ ದುಡ್ಡಿಗೆ ಕೊಡ್ತಿದ್ದ ಚೀಟಿ) ವ್ಯಾಪಾರದ ವಿರುದ್ಧ ಬರೆದಿದ್ದು, 'ನಂಬಿಕೆ ಮಾತ್ರದಿಂದಲೇ ನೀತಿವಂತ' ಅನ್ನೋ ಮಾತು ಅದರಲ್ಲಿ ಹುಡುಕಿದ್ರೂ ಸಿಗಲ್ಲ. ಅದಕ್ಕಿಂತ ಲೂಥರ್ ಸಾಯೋಕೆ ಒಂದು ವರ್ಷ ಮುಂಚೆ, 1545ರಲ್ಲಿ, ತನ್ನ ಲ್ಯಾಟಿನ್ ಬರಹಗಳಿಗೆ ಬರೆದ ಮುನ್ನುಡಿ ಹಿಡ್ಕೊಂಡಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಅದರಲ್ಲಿ ಅವರೇ ಹೇಳ್ತಾರೆ, ರೋಮಾಪುರ ಪತ್ರ 1:17ರಲ್ಲಿರೋ 'ದೇವರ ನೀತಿ' ಅನ್ನೋ ಪದ ಕಂಡ್ರೆ ತನಗೆ ದ್ವೇಷ ಬರ್ತಿತ್ತಂತೆ, ಯಾಕಂದ್ರೆ ನೀತಿ ಅಂದ್ರೆ ಪಾಪಿಗಳನ್ನ ಶಿಕ್ಷಿಸೋ ನೀತಿ ಅಂತಲೇ ಕಲಿತಿದ್ದರು, ಅದು ದೇವರು ಕೊಡೋ ನೀತಿ, ನಂಬಿಕೆಯಿಂದ ಈಸ್ಕೊಳ್ಳೋದು ಅಂತ ಹೊಳೆದಾಗ ಸ್ವರ್ಗದ ಬಾಗಿಲೇ ತೆರೆದ ಹಾಗಾಯ್ತಂತೆ. ನಿಷ್ಠೆಯಿಂದ ವ್ರತ ಪಾಲಿಸ್ತಿದ್ದ ಒಬ್ಬ ಸನ್ಯಾಸಿ ದೇವರ ಒಳ್ಳೇತನದ ಪದ ಕೇಳಿ ಹೆದರ್ತಿದ್ದ ಅನ್ನೋದೇ ಈ ವಿಷಯಕ್ಕೆ ಸರಿಯಾದ ಬಾಗಿಲು. ಕೋರ್ಸಲ್ಲಿ ಅದಕ್ಕೆ ಸಿಕ್ಕಿದ್ದು ಎರಡೇ ನಿಮಿಷ.

ನಾಲ್ಕನೇ ವಾರಕ್ಕೆ ಬರ್ತಿದ್ದ ಹಾಗೆ ಮೇಡಂ ಪಾಠ ಶುರು, ಅಲ್ಲಿಂದ ಕೋರ್ಸೇ ಬೇರೆ. ರೋಮಾಪುರ ಪತ್ರದ 4ನೇ ಅಧ್ಯಾಯ, ಅಬ್ರಹಾಮನ ಕೇಸ್. ಆದಿಕಾಂಡ 15:6ರಲ್ಲಿ ಅಬ್ರಹಾಮ ದೇವರನ್ನ ನಂಬ್ತಾನೆ, ಅದು ಅವನ ಲೆಕ್ಕಕ್ಕೆ ನೀತಿ ಅಂತ ಎಣಿಸಲ್ಪಡುತ್ತೆ. ಸುನ್ನತಿ ಬರೋದು 17ನೇ ಅಧ್ಯಾಯದಲ್ಲಿ, ಅವನಿಗೆ 99 ವರ್ಷ ಆದಾಗ. ನಡುವೆ ಇಷ್ಮಾಯೇಲ ಹುಟ್ತಾನೆ, ಸುನ್ನತಿ ದಿನ ಆ ಹುಡುಗನಿಗೆ 13 ವರ್ಷ. ಅಂದ್ರೆ ನೀತಿವಂತ ಅಂತ ಲೆಕ್ಕಕ್ಕೆ ಬರೆದು ಕನಿಷ್ಠ 13 ವರ್ಷ ಆದಮೇಲೆ ಗುರುತು ಬಂತು. ಪೌಲನ ವಾದ ಪೂರ್ತಿ ಈ ತಾರೀಖಿನ ಮೇಲೆ ನಿಂತಿದೆ, ಯಾವುದು ಮೊದಲು ಯಾವುದು ಆಮೇಲೆ, ಅಷ್ಟೇ. ಗಲಾತ್ಯ ಪತ್ರದಲ್ಲಿ ಇನ್ನೂ ಮುಂದೆ ಹೋಗಿ, ಮೋಶೆಯ ಧರ್ಮಶಾಸ್ತ್ರ ಬಂದಿದ್ದು 430 ವರ್ಷ ಆದಮೇಲೆ, ಅದು ಅಬ್ರಹಾಮನಿಗೆ ಕೊಟ್ಟ ಹಳೇ ವಾಗ್ದಾನನ ರದ್ದು ಮಾಡೋಕಾಗಲ್ಲ ಅಂತಾನೆ, ವಕೀಲ ಮಾತಾಡಿದ ಹಾಗೇ. ನಾನು ಈ ಅಧ್ಯಾಯ ಎಷ್ಟು ಸಲ ಓದಿದೀನೋ, ಇಷ್ಟು ಸರಳವಾದ ಲೆಕ್ಕ ಕಣ್ಣಿಗೆ ಬಿದ್ದಿರ್ಲಿಲ್ಲ.

ಅದೇ ಅಧ್ಯಾಯದ 'ಎಣಿಸು' ಅನ್ನೋ ಪದದ ಮೇಲೆ ಮೇಡಂ ಒಂದು ಇಡೀ ಪಾಠ ಮಾಡಿದಾರೆ. ಗ್ರೀಕ್‌ನಲ್ಲಿ ಲೊಗಿಝೊಮಾಯಿ, ಲೆಕ್ಕ ಬರೆಯೋರ ಪದ, ಆ ಒಂದೇ ಅಧ್ಯಾಯದಲ್ಲಿ 11 ಸಲ ಬರುತ್ತೆ. ದುಡಿದವನಿಗೆ ಕೊಡೋದು ಕೂಲಿ, ಅದು ಸಾಲ ತೀರಿಸಿದ ಹಾಗೆ, ಅದನ್ನ ಯಾರೂ ದಾನ ಅನ್ನಲ್ಲ. ದುಡಿಯದೆ, ಭಕ್ತಿಹೀನರನ್ನ ನೀತಿವಂತರು ಅಂತ ನಿರ್ಣಯಿಸೋ ದೇವರನ್ನ ನಂಬಿದವನಿಗೆ ಮಾತ್ರ ಅದು ಬೇರೆ ಕಾಲಮ್‌ನಲ್ಲಿ ಬರುತ್ತೆ. ಇಲ್ಲಿ ಆಡಿಯೋ ನಿಲ್ಲಿಸಿ ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ಭಕ್ತಿಹೀನರನ್ನ. ಸುಧಾರಿಸಿದವರನ್ನ ಅಲ್ಲ, ಪ್ರಯತ್ನ ಪಡ್ತಿರೋರನ್ನೂ ಅಲ್ಲ. ಪೌಲ ಲೆಕ್ಕದ ಪುಸ್ತಕ ಹರಿದು ಹಾಕ್ತಾನೆ ಅಂತ ನಾನು ಅಂದ್ಕೊಂಡಿದ್ದೆ, ಅವನು ಹರಿಯಲ್ಲ ಮಾರಾಯ್ರೆ, ಅದೇ ಪುಸ್ತಕದಲ್ಲಿ ಬೇರೆಯವರ ದುಡ್ಡನ್ನ ನನ್ನ ಹೆಸರಲ್ಲಿ ಜಮಾ ಮಾಡ್ತಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲೂ ಇದೇ ಆಟ, ಎಂಟನೇ ದಿನ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯ (ಧರ್ಮಶಾಸ್ತ್ರನ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯ ಪಂಗಡದವನು) ಅಂತ ತನ್ನ ಬಯೋಡೇಟಾ ಪೂರ್ತಿ ಒದರಿ, ಲಾಭದ ಕಡೆ ಇದ್ದಿದ್ದೆಲ್ಲ ಈಗ ನಷ್ಟದ ಕಡೆ ಅಂತಾನೆ.

ಈಗ ಬೈಯೋ ಭಾಗ. ಇಂಥ ಪಾಠ ಮಾಡೋ ಆಪ್‌ನಲ್ಲಿ ಸ್ಟ್ರೀಕ್ ಇದೆ ಅಂದ್ರೆ ನಂಬ್ತೀರಾ? ದಿನಾ ಕೇಳಿದ್ರೆ ಒಂದು ದೀಪ ಹತ್ತುತ್ತೆ, ಬಿಟ್ರೆ ಆರಿಹೋಗುತ್ತೆ. ಪಾಠಕ್ಕೆ 10 ಪಾಯಿಂಟ್, ಕ್ವಿಜ್ ಮೊದಲ ಸಲಕ್ಕೇ ಸರಿಯಾದ್ರೆ ಇನ್ನೈದು, ಎಲ್ಲರಿಗೂ ಕಾಣೋ ಲೀಡರ್‌ಬೋರ್ಡ್. ಒಂದು ಕ್ವಿಜ್‌ನಲ್ಲಿ 'ನೀತಿವಂತರಾಗೋಕೆ ನಾವೇನು ಮಾಡಬೇಕು' ಅಂತ ಪ್ರಶ್ನೆ, ನಾಲ್ಕು ಆಪ್ಷನ್, ನಾನು 'ಏನೂ ಮಾಡಬೇಕಾಗಿಲ್ಲ' ಒತ್ತಿದೆ, ತಪ್ಪು ಅಂತು. ಸರಿ ಉತ್ತರ 'ನಂಬಬೇಕು'. ಆಯ್ತಪ್ಪ, ತಪ್ಪೇನಲ್ಲ, ಆದ್ರೆ ನಂಬಿಕೆಯನ್ನೂ ಪಾಯಿಂಟ್ ಸಿಗೋ ಒಂದು ಕೆಲಸ ಮಾಡಿಟ್ರಲ್ಲ!

26 ದಿನ ನನ್ನ ದೀಪ ಉರೀತಿತ್ತು. 27ನೇ ದಿನ ಮನೇಲಿ ಒಬ್ರಿಗೆ ಹುಷಾರಿರ್ಲಿಲ್ಲ, ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ, ಫೋನ್ ಮುಟ್ಟಲೇ ಇಲ್ಲ. ಬೆಳಗ್ಗೆ ನೋಟಿಫಿಕೇಷನ್: ನಿಮ್ಮ ಸ್ಟ್ರೀಕ್ ಮುರಿದಿದೆ, ಮತ್ತೆ 1ರಿಂದ ಶುರು ಮಾಡಿ. ನನಗೆ ಮೊದಲು ಬಂದಿದ್ದು ಆಪ್ ಮೇಲೆ ಕೋಪ ಅಲ್ಲ, ನಾಚಿಕೆ ಆಗುತ್ತೆ ಹೇಳೋಕೆ, ದೇವರ ಹತ್ರ ಏನೋ ಕೆಡಿಸ್ಕೊಂಡೆ ಅನ್ನೋ ಭಾವನೆ ಬಂತು. ಮೂರು ವಾರ ರೋಮಾಪುರ ಪತ್ರ ಕೇಳಿದ ಮೇಲೆ! ಸಪೋರ್ಟಿಗೆ ಮೇಲ್ ಹಾಕಿದೆ, ಎರಡು ದಿನಕ್ಕೆ ಉತ್ತರ ಬಂತು, ಮರ್ಯಾದೆಯಾಗೇ ಬರೆದಿದ್ರು, ಸೆಟ್ಟಿಂಗ್ಸಲ್ಲಿ ಆಫ್ ಮಾಡ್ಕೋಬಹುದು ಅಂತ. ಆಫ್ ಮಾಡಿದೆ. ಮಾಡಿದ ಮೇಲೆ ಒಂದು ವಾರ ಪೂರ್ತಿ ಒಂದು ಪಾಠನೂ ಕೇಳಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ, ಅವರು ಸ್ಟ್ರೀಕ್ ಯಾಕೆ ಇಟ್ಟಿದಾರೆ ಅಂತ ಆಗ ಅರ್ಥ ಆಯ್ತು. 14 ವಾರ ಹಿಡಿದಿದ್ದಕ್ಕೆ ಅದೂ ಒಂದು ಕಾರಣ.

ನಂಬಿಕೆಯೇ ಒಂದು ಕೆಲಸ ಆಗಿಬಿಡೋ ಈ ಸಮಸ್ಯೆನ ಮೇಡಂ 23ನೇ ಪಾಠದಲ್ಲಿ ಹಿಡೀತಾರೆ, ನನ್ನ ಮಟ್ಟಿಗೆ ಇಡೀ ಕೋರ್ಸಲ್ಲಿ ಅದೇ ಬೆಸ್ಟ್. ನನ್ನ ನಂಬಿಕೆ ಸಾಕಾ, ಗಟ್ಟಿ ಇದೆಯಾ, ನಿಜವಾದ್ದಾ ಅಂತ ಅಳೀತಾ ಕೂತ್ರೆ ಹಳೇ ಗುಮಾಸ್ತನೇ ಹೊಸ ಖಾತೆ ತೆಗೆದ ಹಾಗೆ. ಮಾರ್ಕ 9ರಲ್ಲಿ ಮಗನಿಗೋಸ್ಕರ ಬಂದ ಅಪ್ಪ 'ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಅಂತ ಕೂಗ್ತಾನೆ, ಯೇಸು ಅವನಿಗೆ ಮೊದಲು ಹೋಗಿ ನಂಬಿಕೆ ಜಾಸ್ತಿ ಮಾಡ್ಕೊಂಡು ಬಾ ಅನ್ನಲ್ಲ, ಮಗ ವಾಸಿಯಾಗ್ತಾನೆ. ಕೈ ಖಾಲಿ ಇದ್ರೆ ಸಾಕು, ಕೈ ನಡುಗ್ತಿದ್ರೂ ಈಸ್ಕೊಂಡಿದ್ದು ಈಸ್ಕೊಂಡಿದ್ದೇ ಅಂತಾರೆ ಮೇಡಂ. ಜೊತೆಗೆ ಗ್ರೀಕ್ ವ್ಯಾಕರಣದ ಒಂದು ಜಗಳನೂ ತರ್ತಾರೆ: ಗಲಾತ್ಯ 2:16ರಲ್ಲಿ 'ಪಿಸ್ತಿಸ್ ಕ್ರಿಸ್ತು' ಅಂತ ಇರೋದನ್ನ 'ಕ್ರಿಸ್ತನ ಮೇಲಿನ ನಂಬಿಕೆ' ಅಂತಲೂ ಓದಬಹುದು, 'ಕ್ರಿಸ್ತನ ನಂಬಿಗಸ್ತಿಕೆ' ಅಂತಲೂ ಓದಬಹುದು, ಪಂಡಿತರಲ್ಲಿ ಇವತ್ತಿಗೂ ಎರಡು ಪಾರ್ಟಿ. ಮೇಡಂ ಮೊದಲನೇ ಪಾರ್ಟಿ, ಆದ್ರೂ ಎರಡನೇದನ್ನ ಗೌರವವಾಗಿ ವಿವರಿಸ್ತಾರೆ. ನನಗೆ ಗ್ರೀಕ್ ಬರಲ್ಲ, ತೀರ್ಪು ಕೊಡೋ ಹಾಗಿಲ್ಲ, ಆದ್ರೆ ಭಾರ ಯಾರ ಹೆಗಲ ಮೇಲೆ ಅನ್ನೋ ಪ್ರಶ್ನೆ ಅವತ್ತು ಜಾಗ ಬದಲಾಯಿಸ್ತು.

ಭಾಷೆ ವಿಷಯ ಬಂದಾಗ ಇನ್ನೊಂದು. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಲೂಥರ್ ರೋಮಾಪುರ 3:28ಕ್ಕೆ 'ಮಾತ್ರ' ಅನ್ನೋ ಅರ್ಥದ ಪದ ಸೇರಿಸಿದ್ರು, ಮೂಲ ಗ್ರೀಕ್‌ನಲ್ಲಿ ಆ ಪದ ಇಲ್ಲ. ಗಲಾಟೆ ಆಯ್ತು, 1530ರಲ್ಲಿ ಒಂದು ಬಹಿರಂಗ ಪತ್ರ ಬರೆದು, ಜರ್ಮನ್ ಮಾತಾಡೋರು ಹೀಗೇ ಹೇಳೋದು, ಒಂದು ಹೌದು ಇನ್ನೊಂದು ಅಲ್ಲ ಅನ್ನುವಾಗ 'ಮಾತ್ರ' ಬರಲೇಬೇಕು ಅಂತ ಸಮರ್ಥಿಸ್ಕೊಂಡ್ರು. ಕೇಳ್ತಾ ನನಗೆ ನಗು, ನಮಗೆ ಈ ಕಷ್ಟನೇ ಇಲ್ವಲ್ಲ, 'ನಂಬಿಕೆಯಿಂದ' ಅನ್ನೋದಕ್ಕೆ ಒಂದು 'ಲೇ' ಅಂಟಿಸಿದ್ರೆ 'ನಂಬಿಕೆಯಿಂದಲೇ' ಆಯ್ತು, ಇಡೀ ಜಗಳ ಒಂದು ಅಕ್ಷರದಲ್ಲಿ. ಹಾಗೇ 'ದೇವರಿದ್ದಾನೆ ಅಂತ ನಂಬೋದು' ಮತ್ತೆ 'ದೇವರನ್ನ ನಂಬೋದು', ಇವೆರಡು ಕನ್ನಡದಲ್ಲಿ ಮಾತಾಡುವಾಗಲೇ ಬೇರೆ ಬೇರೆ ಅಂತ ಗೊತ್ತಾಗುತ್ತೆ. ಮೊದಲನೇದನ್ನ ದೆವ್ವಗಳೂ ನಂಬ್ತವೆ, ನಡುಗ್ತವೆ ಅಂತ ಹೊಸ ಒಡಂಬಡಿಕೆಯ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆದಿದಾನೆ, ಎರಡನೇದು ಹಗ್ಗದ ಮೇಲೆ ಭಾರ ಬಿಟ್ಟ ಹಾಗೆ.

ಯಾಕೋಬ ಅಂದ ತಕ್ಷಣ ಶನಿವಾರದ ಕಾಲ್ ನೆನಪಾಗುತ್ತೆ. ನಮ್ಮ ಬ್ಯಾಚಲ್ಲಿ ಮೂವತ್ತು ಜನ ಇದ್ವಿ, ಏಳನೇ ವಾರ ಒಬ್ರು ಮೈಕ್ ಆನ್ ಮಾಡಿ, ಇಡೀ ಹೊಸ ಒಡಂಬಡಿಕೆಯಲ್ಲಿ 'ನಂಬಿಕೆ ಮಾತ್ರದಿಂದ' ಅನ್ನೋ ಮಾತು ಇರೋದು ಒಂದೇ ಕಡೆ, ಯಾಕೋಬ 2:24ರಲ್ಲಿ, ಅದೂ 'ಅಲ್ಲ' ಅಂತ ಸೇರಿಸಿ, ಇದಕ್ಕೇನಂತೀರಾ ಸರ್ ಅಂತ ಕೇಳಿದ್ರು. ಸರ್ ಸ್ವಲ್ಪ ತಡಬಡಿಸಿದ್ರು, ಲೂಥರೇ ಅದನ್ನ ಹುಲ್ಲಿನ ಪತ್ರ (ಅಂದ್ರೆ ತೂಕ ಇಲ್ಲದ್ದು) ಅಂತ ಕರೆದಿದ್ರಲ್ಲ ಅಂದ್ರು, ಅದು ಉತ್ತರ ಅಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಮೇಡಂ ಬಂದು ಕಾಪಾಡಿದ್ರು. ಪೌಲ ಅಬ್ರಹಾಮನನ್ನ ಆದಿಕಾಂಡ 15ರಲ್ಲಿ ಹಿಡೀತಾನೆ, ಯಾಕೋಬ ಅದೇ ಅಬ್ರಹಾಮನನ್ನ 22ರಲ್ಲಿ, ಇಸಾಕನನ್ನ ಬಲಿಪೀಠದ ಮೇಲಿಟ್ಟಾಗ ಹಿಡೀತಾನೆ. ಒಬ್ಬನ ಪ್ರಶ್ನೆ ದೇವರ ಹತ್ರ ಹೋಗೋಕೆ ಏನು ತಗೊಂಡ್ಹೋಗ್ಲಿ ಅಂತ, ಇನ್ನೊಬ್ಬನ ಪ್ರಶ್ನೆ ಬಟ್ಟೆ ಊಟ ಇಲ್ಲದ ಸಹೋದರನಿಗೆ ಬಾಯಿಮಾತಲ್ಲಿ ಸಮಾಧಾನ ಹೇಳಿ ಕಳಿಸೋನ ನಂಬಿಕೆ ಜೀವಂತ ಇದೆಯಾ ಅಂತ. ಲೂಥರ್ ನಂತರದ ಸುಧಾರಕ ಕ್ಯಾಲ್ವಿನ್ ಕೊಟ್ಟ ಸೂರ್ಯನ ಹೋಲಿಕೆ ಹೇಳಿದ್ರು, ಬೆಳಕು ಬೇರೆ ಬಿಸಿ ಬೇರೆ, ಬೆಳಕಿಂದ ಭೂಮಿಗೆ ಬಿಸಿ ಆಗುತ್ತೆ ಅನ್ನಲ್ಲ, ಆದ್ರೆ ಒಂದನ್ನ ಬಿಟ್ಟು ಇನ್ನೊಂದು ಬರಲ್ಲ. ಎಫೆಸ 2ರಲ್ಲಿ 8, 9ನೇ ವಚನ ಬಾಯಿಪಾಠ ಮಾಡಿಸ್ತೀವಿ, ಒಳ್ಳೇ ಕೆಲಸಗಳಿಗಾಗಿ ಸೃಷ್ಟಿಯಾದವರು ಅನ್ನೋ 10ನೇ ವಚನದ ಹತ್ರ ನಿಲ್ಲಿಸಿಬಿಡ್ತೀವಿ ಅಂತಲೂ ಅಂದ್ರು, ನಾನು ಮನಸ್ಸಲ್ಲೇ ಹೇಳಿ ನೋಡ್ದೆ, ಹೌದು, 9ಕ್ಕೇ ನಿಂತ್ತು.

ಗಲಾತ್ಯ ಪತ್ರದ ಪಾಠಗಳಲ್ಲಿ ಅಂತಿಯೋಕ್ಯ ಅನ್ನೋ ಊರಿನ ಜಗಳ ಚೆನ್ನಾಗಿ ಬಂದಿದೆ. ಯೇಸುವಿನ ಶಿಷ್ಯ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರ್ತಿದ್ದ, ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡ್ಲೇ ಎದ್ದು ದೂರ ಆದ, ಪೌಲನ ಜೊತೆಗಾರ ಬಾರ್ನಬನೂ ಹಿಂದೆ ಹೋದ, ಪೌಲ ಎಲ್ಲರ ಮುಂದೆ ಮುಖಕ್ಕೇ ಹೇಳಿದ. ಪಂಕ್ತಿಭೇದದ ಜಗಳ ಅಂತ ಒಂದೇ ಪದದಲ್ಲಿ ಹೇಳಬಹುದು. ನೇಮನಿಷ್ಠೆಯಿಂದಲ್ಲ ನಂಬಿಕೆಯಿಂದ ಅನ್ನೋ ಮಾತು ಗಲಾತ್ಯ ಪತ್ರದಲ್ಲಿ ಮೊದಲು ಬರೋದೇ ಈ ಊಟದ ಕಥೆ ಬೆನ್ನಿಗೆ. ನನ್ನ ಒಬ್ಬನ ರಾತ್ರಿಯ ಬ್ಯಾಲೆನ್ಸ್‌ಶೀಟ್ ಅಂತ ನಾನು ಅಂದ್ಕೊಂಡಿದ್ದು, ಅಲ್ಲಿ ನೋಡಿದ್ರೆ ಯಾರು ಯಾರ ಪಕ್ಕ ಕೂತು ಉಣ್ಣಬಹುದು ಅನ್ನೋ ಪ್ರಶ್ನೆ. ಇದನ್ನ ಇನ್ನೂ ಎರಡು ಪಾಠ ಎಳೀಬಹುದಿತ್ತು, ಸುತ್ತಿಗೆ ಸೌಂಡ್ ಬದಲು.

ದೊಡ್ಡ ದೂರು ಎರಡಿದೆ. ಒಂದು, ಯೆಹೂದ್ಯರನ್ನ ತೋರಿಸಿರೋ ರೀತಿ. ಯೆಹೂದ್ಯ ಧರ್ಮ ಅಂದ್ರೆ ಪುಣ್ಯ ಕೂಡಿಟ್ಟು ಸ್ವರ್ಗ ಕೊಳ್ಳೋ ವ್ಯವಸ್ಥೆ ಅನ್ನೋ ಹಾಗೆ ಸರ್ ನಾಲ್ಕೈದು ಸಲ ಹೇಳ್ತಾರೆ. 1977ರಲ್ಲಿ ಬೈಬಲ್ ವಿದ್ವಾಂಸ ಇ.ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಬರಹಗಳನ್ನ ಜಾಲಾಡಿ ಹಾಗಲ್ಲ ಅಂತ ವಾದ ಮಾಡಿದ ಮೇಲೆ ಈ ಚರ್ಚೆಯ ದಿಕ್ಕೇ ಬದಲಾಗಿದೆ, ಅವರನ್ನ ಒಪ್ಪದಿದ್ರೂ ಉತ್ತರ ಆದ್ರೂ ಕೊಡಬೇಕಲ್ವಾ. ಅಷ್ಟು ದೂರ ಯಾಕೆ, ವಿಮೋಚನಕಾಂಡ 20 ತೆಗೆದ್ರೆ ಹತ್ತು ಆಜ್ಞೆಗಳಿಗಿಂತ ಮುಂಚೆ 'ನಿಮ್ಮನ್ನ ಐಗುಪ್ತದಿಂದ ಬಿಡಿಸಿದ ದೇವರು ನಾನು' ಅಂತ ಇದೆ, ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಅಬ್ರಹಾಮನ ತಾರೀಖು ಅಷ್ಟು ಚೆನ್ನಾಗಿ ತೋರಿಸಿದ ಕೋರ್ಸ್‌ಗೆ ಇದು ಕಾಣಲಿಲ್ಲ.

ಇನ್ನೊಂದು, ಕ್ಯಾಥೊಲಿಕರ ವಿಷಯ. ನನ್ನ ಜೊತೆ ಸೇರಿದ್ದ ಫ್ರೆಂಡ್ ಕ್ಯಾಥೊಲಿಕ್, ಐದನೇ ವಾರಕ್ಕೆ ಅವನಿಗೆ ಸಿಟ್ಟು ಬಂತು, ಬರೋದೇ. 1547ರ ಜನವರಿ 13ರ, ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆಯ ತೀರ್ಮಾನನ ಸರ್ 'ಒಳ್ಳೇ ಕೆಲಸದಿಂದ ರಕ್ಷಣೆ' ಅಂತ ಒಂದೇ ಸಾಲಲ್ಲಿ ಮುಗಿಸಿದ್ರು. ಅದರ ಮೊದಲನೇ ಕ್ಯಾನನ್ನೇ (ಅಧಿಕೃತ ನಿಯಮ) ಕ್ರಿಸ್ತನ ಮೂಲಕ ಬರೋ ಕೃಪೆ ಇಲ್ಲದೆ ಮನುಷ್ಯ ತನ್ನ ಕೆಲಸಗಳಿಂದ ನೀತಿವಂತನಾಗಬಹುದು ಅನ್ನೋರನ್ನ ತಿರಸ್ಕರಿಸುತ್ತೆ. ಒಂಬತ್ತನೇ ಕ್ಯಾನನ್ 'ನಂಬಿಕೆ ಮಾತ್ರ, ಮನುಷ್ಯನ ಕಡೆಯಿಂದ ಬೇರೇನೂ ಬೇಡ' ಅನ್ನೋದನ್ನ ತಿರಸ್ಕರಿಸುತ್ತೆ, ಭಿನ್ನಾಭಿಪ್ರಾಯ ನಿಜವಾಗ್ಲೂ ಇದೆ, ನೀತಿವಂತ ಅಂತ ಘೋಷಿಸೋದಾ ಅಥವಾ ಒಳಗಿಂದ ನೀತಿವಂತನನ್ನಾಗಿ ಮಾಡೋದಾ ಅನ್ನೋದರಲ್ಲಿ, ಆದ್ರೆ ಅದು ಸರ್ ಹೇಳಿದ ಭಿನ್ನಾಭಿಪ್ರಾಯ ಅಲ್ಲ. ಅದಕ್ಕಿಂತ ಆಶ್ಚರ್ಯ, 1999ರ ಅಕ್ಟೋಬರ್ 31ಕ್ಕೆ ಆಗ್ಸ್‌ಬರ್ಗ್‌ನಲ್ಲಿ ಲೂಥೆರನ್ ವರ್ಲ್ಡ್ ಫೆಡರೇಷನ್ ಮತ್ತು ಕ್ಯಾಥೊಲಿಕ್ ಸಭೆ ಇದೇ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದ್ದು, 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಸಭೆಗಳು ಸೇರ್ಕೊಂಡಿದ್ದು, ಇದರ ಬಗ್ಗೆ 40 ಪಾಠದಲ್ಲಿ ಒಂದು ಮಾತಿಲ್ಲ. ಜರ್ಮನಿಯ ಎಷ್ಟೋ ಪ್ರೊಫೆಸರ್‌ಗಳು ಆ ಘೋಷಣೆನ ವಿರೋಧಿಸಿದ್ರು, ಸರ್ ಕೂಡ ವಿರೋಧಿಸ್ಲಿ, ಆದ್ರೆ ಮುಚ್ಚಿಡಬಾರದು. ಫ್ರೆಂಡ್ ಕೋರ್ಸ್ ಬಿಡಲಿಲ್ಲ, ಮೇಡಂ ಪಾಠಗಳಿಗೋಸ್ಕರ ಉಳಿದ. ಲೀಡರ್‌ಬೋರ್ಡಲ್ಲಿ ಮೂರನೇ ಸ್ಥಾನ ಬೇರೆ, ನನ್ನನ್ನ ಕಂಡ್ರೆ 'ಕೃಪೆ ಅಪ್ಪಾ ಕೃಪೆ' ಅಂತ ರೇಗಿಸ್ತಾನೆ.

ಟೆಕ್ನಿಕಲ್ ವಿಷಯ ಬೇಗ ಹೇಳ್ತೀನಿ. ಆಡಿಯೋ ಕ್ಲಿಯರ್, ಡೌನ್‌ಲೋಡ್ ಮಾಡ್ಕೊಂಡು ನೆಟ್ ಇಲ್ಲದೆನೂ ಕೇಳಬಹುದು. ತಾನಾಗೇ ಬರೋ ಕ್ಯಾಪ್ಷನ್ ಮಾತ್ರ ನಂಬಬೇಡಿ, ಒಂದು ಪಾಠ ಪೂರ್ತಿ 'ಸುನ್ನತಿ' ಬದಲು 'ಉನ್ನತಿ' ಅಂತ ಬಂದಿದೆ, 'ಅಬ್ರಹಾಮನಿಗೆ ಉನ್ನತಿ ಆಗುವ ಮೊದಲೇ ನೀತಿ ಸಿಕ್ಕಿತು', ಓದಿ ಕೂತಲ್ಲೇ ನಕ್ಕಿದೀನಿ. ಪಿಡಿಎಫ್ ನೋಟ್ಸ್‌ನಲ್ಲಿ ಅಬ್ರಹಾಮನ ಟೈಮ್‌ಲೈನ್ ಒಂದು ಪುಟ ಇದೆ, ಅದನ್ನ ಪ್ರಿಂಟ್ ಹಾಕಿಸ್ಕೊಳ್ಳಿ. ಸರ್ಟಿಫಿಕೇಟ್ 10 ವಾರದ ಒಳಗೆ ಮುಗಿಸಿದವರಿಗೆ ಮಾತ್ರ, ಹಾಗಾಗಿ ನನಗಿಲ್ಲ.

ಸ್ಟಾರ್ ಕೊಡಬೇಕು ಅಂದ್ರೆ ಮೇಡಂ ಪಾಠಗಳಿಗೆ ಐದು, ಸರ್ ಪಾಠಗಳಿಗೆ ಎರಡೂವರೆ, ಆಪ್‌ಗೆ ಎರಡು. ಸೇರೋರು ಮೊದಲ ಎಂಟು ಪಾಠ ಹಾರಿಸಿ, ರೋಮಾಪುರ 3 ಮತ್ತು 4ನೇ ಅಧ್ಯಾಯ ನೀವೇ ಒಂದ್ಸಲ ಜೋರಾಗಿ ಓದ್ಕೊಂಡು ಒಂಬತ್ತನೇ ಪಾಠದಿಂದ ಶುರು ಮಾಡಿ, ಬೇಕಾದ್ರೆ ಲೂಥರ್‌ನ ಆಮೇಲೆ ಕೇಳಿ. ಸ್ಟ್ರೀಕ್ ಆಫ್ ಮಾಡೋ ಬಟನ್ ಪ್ರೊಫೈಲ್ ಒಳಗೆ ರಿಮೈಂಡರ್ಸ್ ಅನ್ನೋ ಕಡೆ, ತೀರಾ ಕೆಳಗಿದೆ, ನಾನು ಹುಡುಕೋಕೇ ಹತ್ತು ನಿಮಿಷ ತಗೊಂಡೆ.